ನಳಿಗೆಯ ತುದಿಗೆ ಕಟ್ಟಿದ ವೇಗಮಾಪಕ

ಗುಂಡಿನ ವೇಗವನ್ನು ಅಳೆಯುವ ಸಾಧನವನ್ನು ರೈಫಲ್‌ನ ನಳಿಗೆಗೇ ಕಟ್ಟಿ ಗುಂಡು ಹಾರಿಸಿದಾಗ, ವೇಗದ ಬಗ್ಗೆ ಆ ಸಾಧನ ಕೊಡುವ ಲೆಕ್ಕ ನಂಬಿಕೆಗೆ ಅರ್ಹವಾಗಿರುತ್ತದೆ. ಆದರೆ ಅದೇ ಗುಂಡು ಗುರಿಹಲಗೆಯ ಮೇಲೆ ಎಲ್ಲಿ ಬಿದ್ದಿತು ಎಂಬುದನ್ನು ನೋಡಿ ಆ ರೈಫಲ್‌ನ ನಿಖರತೆಯನ್ನು ನಿರ್ಣಯಿಸುವಂತಿಲ್ಲ. ಅಮೆರಿಕದ ಹವ್ಯಾಸಿ ಶೂಟರ್‌ಗಳು 2010ರ ದಶಕದಲ್ಲಿ ಈ ಮಾತನ್ನು ಕಲಿತದ್ದು ಹೆಚ್ಚಾಗಿ ಗ್ರಂಥಗಳಿಂದಲ್ಲ, ಕಾಗದದ ಮೇಲೆ ಬಿದ್ದ ತೂತುಗಳಿಂದ. ಆ ವರ್ಷಗಳನ್ನು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಆಸುಪಾಸಿನಲ್ಲಿ ಕಳೆದ, ಅಲ್ಲಿನ ಶೂಟಿಂಗ್ ರೇಂಜುಗಳಲ್ಲಿ ರೈಫಲ್ ಹಿಡಿದು ಕುಳಿತ ಈ ಲೇಖಕನ ನೆನಪಿನಲ್ಲಿ ಆ ಕಾಲವು ಒಂದು ಉಪಕರಣದ ಏರಿಳಿತದ ಕಾಲವಾಗಿ ಉಳಿದಿದೆ, ಮತ್ತು ಆ ಉಪಕರಣ ಕಲಿಸಿದ ಪಾಠವು ಉಪಕರಣಕ್ಕಿಂತ ದೊಡ್ಡದು ಎಂಬ ಅಭಿಪ್ರಾಯವೂ ಉಳಿದಿದೆ.

ಗುಂಡಿನ ವೇಗವನ್ನು ಅಳೆಯುವ ವಿದ್ಯೆಗೆ ಗಟ್ಟಿಯಾದ ಅಡಿಪಾಯ ಹಾಕಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ ಎಂಬ ಗ್ರಂಥದಲ್ಲಿ ಅವನು ಒಂದು ಭಾರವಾದ ಲೋಲಕವನ್ನು ವರ್ಣಿಸಿದ್ದಾನೆ; ಕೋವಿಯ ಗುಂಡು ಅದರ ಮರದ ಮುಖಕ್ಕೆ ಹೊಕ್ಕು ಅಲ್ಲೇ ನಿಂತಾಗ ಲೋಲಕವು ಎಷ್ಟು ಹಿಂದಕ್ಕೆ ತೂಗಿತು ಎಂಬುದನ್ನು, ಅದು ತನ್ನೊಂದಿಗೆ ಎಳೆದುಕೊಂಡು ಹೋದ ರಿಬ್ಬನ್ನಿನ ಉದ್ದದಿಂದ ತಿಳಿದು, ಅದರಿಂದ ಗುಂಡಿನ ವೇಗವನ್ನು ಗುಣಿಸಿ ತೆಗೆಯುವ ಕ್ರಮ ಅದು. ಸೆಕೆಂಡಿಗೆ 1,600 ಅಡಿಗೂ ಮೀರಿದ ವೇಗಗಳು ಹೀಗೆ ಮೊದಲ ಬಾರಿಗೆ ಅಂಕಿಗಳಾಗಿ ದೊರೆತವು. (ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಹೊಣೆ ಹೊತ್ತು ಭಾರತಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು; ಗುಂಡಿನ ಗಣಿತಕ್ಕೆ ತಳಹದಿ ಹಾಕಿದವನ ಕೊನೆಯ ದಿನಗಳು ನಮ್ಮ ದಕ್ಷಿಣದ ಕರಾವಳಿಯಲ್ಲೇ ಕಳೆದವು ಎಂಬುದು ಇಲ್ಲಿನ ಓದುಗರಿಗೆ ಅಷ್ಟಾಗಿ ತಿಳಿದಂತಿಲ್ಲ.) 1860ರ ದಶಕದಲ್ಲಿ ಬೆಲ್ಜಿಯಂ ಸೇನೆಯ ಅಧಿಕಾರಿ ಲ ಬುಲಾಂಜೆ ರೂಪಿಸಿದ ಕ್ರೋನೋಗ್ರಾಫ್‌ನಲ್ಲಿ ಗುಂಡು ಒಂದರ ಹಿಂದೊಂದು ಎರಡು ತಂತಿ ಪರದೆಗಳನ್ನು ಕತ್ತರಿಸಿಕೊಂಡು ಹೋಗುತ್ತಿತ್ತು, ಎರಡೂ ಕಡಿದುಹೋದ ಕ್ಷಣಗಳ ನಡುವಿನ ಅಂತರವೇ ವೇಗದ ಅಳತೆಯಾಗುತ್ತಿತ್ತು. ಈ ಹಳೆಯ ಏರ್ಪಾಡುಗಳೆರಡೂ ಗುಂಡಿಗೆ ಅಡ್ಡ ಬಂದವು, ಅದನ್ನು ತಡೆದವು, ಮುಟ್ಟಿದವು. ಕೋವಿಯನ್ನು ಮಾತ್ರ ಮುಟ್ಟಲಿಲ್ಲ. ಗುಂಡು ನಳಿಗೆಯ ಬಾಯಿಯನ್ನು ದಾಟುವವರೆಗೆ ಅಳೆಯುವವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬೆಳಕಿನ ಪರದೆಗಳು ಬಂದ ಮೇಲೂ ಈ ಅಂತರ ಹಾಗೆಯೇ ಉಳಿಯಿತು. ಆಸ್ಟಿನ್‌ನವರೇ ಆದ ಕೆನ್ ಓಲರ್ ಅವರ ಸಂಸ್ಥೆಯ ಉಪಕರಣಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಗೆಯ ಅಳತೆಯನ್ನು ಸಾಮಾನ್ಯ ಶೂಟರ್‌ನ ಕೈಗೆ ತಂದವು. ರೈಫಲ್‌ನ ಮುಂದೆ ಹತ್ತು ಹದಿನೈದು ಅಡಿ ದೂರದಲ್ಲಿ ಸ್ಟ್ಯಾಂಡುಗಳ ಮೇಲೆ ಸಂವೇದಕಗಳನ್ನು ನಿಲ್ಲಿಸಿ, ಮೇಲೆ ಬೆಳಕನ್ನು ಹದಗೊಳಿಸುವ ಬಿಳಿಯ ಹಾಳೆಗಳನ್ನು ಕಮಾನಿನಂತೆ ಕಟ್ಟಿದರೆ, ನಡುವೆ ಹಾದುಹೋಗುವ ಗುಂಡಿನ ನೆರಳನ್ನು ಅವು ಗುರುತಿಸುತ್ತಿದ್ದವು. ವಿಧಾನ ಸರಳವೇ, ಆದರೆ ಬಳಸಿದವರ ಪಾಡು ಸರಳವಾಗಿರಲಿಲ್ಲ. ಸೂರ್ಯ ವಾಲಿದರೆ, ಮೋಡ ಸರಿದರೆ ಲೆಕ್ಕ ತಪ್ಪುತ್ತಿತ್ತು. ಪಕ್ಕದವನ ರೈಫಲ್‌ನ ಸ್ಫೋಟದ ಅಲೆಗೆ ಸ್ಟ್ಯಾಂಡು ಅಲುಗುತ್ತಿತ್ತು. ಅದೆಲ್ಲಕ್ಕಿಂತ ಹೆಚ್ಚಾಗಿ, ಅದನ್ನು ನಿಲ್ಲಿಸಲು ಗುಂಡು ಹಾರಿಸುವ ಗೆರೆಯನ್ನು ದಾಟಿ ಮುಂದೆ ಹೋಗಬೇಕಾಗುತ್ತಿತ್ತು. ಅಂದರೆ ರೇಂಜಿನ ಅಧಿಕಾರಿ ಎಲ್ಲರಿಗೂ ಗುಂಡು ಹಾರಿಸುವುದನ್ನು ನಿಲ್ಲಿಸಲು ಹೇಳಿ, ಪ್ರತಿಯೊಬ್ಬರೂ ರೈಫಲ್‌ನ ಬೋಲ್ಟ್ ತೆರೆದು ಬೆಂಚಿನಿಂದ ಹಿಂದೆ ಸರಿದು ನಿಂತ ಮೇಲೆ ಮಾತ್ರ ಅದು ಸಾಧ್ಯ. ಸ್ಟ್ಯಾಂಡನ್ನು ಅರ್ಧ ಅಡಿ ಎಡಕ್ಕೆ ಸರಿಸಬೇಕೆಂದರೂ ಮತ್ತೊಮ್ಮೆ ಅದೇ ವಿಧಿ. ವಾರಾಂತ್ಯದ ಜನಸಂದಣಿಯಲ್ಲಿ ಇಪ್ಪತ್ತು ಜನ ಒಬ್ಬನ ಪರದೆಗಾಗಿ ಕಾಯುತ್ತ ನಿಂತ ನೋಟವನ್ನು ಕಂಡವರಿಗೆ, ನಳಿಗೆಗೇ ಕಟ್ಟಬಹುದಾದ ಸಾಧನವೊಂದು ಎಷ್ಟು ಆಕರ್ಷಕವಾಗಿ ಕಂಡಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೂ ಆಸ್ಟಿನ್‌ನಿಂದಲೇ ಬಂದಿತು. 2010ರ ದಶಕದ ಆರಂಭದಲ್ಲಿ ಮ್ಯಾಗ್ನೆಟೋಸ್ಪೀಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಸಾಧನದ ಮುಖ್ಯ ಅಂಗವು ಒಂದು ಚಪ್ಪಟೆಯ ಪಟ್ಟಿ. ಅದನ್ನು ನಳಿಗೆಯ ತುದಿಯ ಕೆಳಗೆ ಕಟ್ಟಿದಾಗ ಅದು ಬಾಯಿಯಿಂದ ಮುಂದಕ್ಕೆ ಚಾಚಿಕೊಳ್ಳುವ ರೀತಿಯಿಂದಾಗಿ ಶೂಟರ್‌ಗಳು ಅದನ್ನು ಬಯೊನೆಟ್ ಎಂದೇ ಕರೆದರು. ಪಟ್ಟಿಯ ಒಳಗೆ, ಒಂದರಿಂದ ಒಂದು ನಿಶ್ಚಿತ ದೂರದಲ್ಲಿ, ಎರಡು ವಿದ್ಯುತ್ಕಾಂತೀಯ ಸಂವೇದಕಗಳಿವೆ. ತಾಮ್ರದ ಹೊದಿಕೆಯ ಸೀಸದ ಗುಂಡನ್ನು ಅಯಸ್ಕಾಂತ ಸೆಳೆಯುವುದಿಲ್ಲವಾದರೂ, ವಿದ್ಯುತ್ತನ್ನು ಹರಿಯಬಿಡುವ ಯಾವುದೇ ಲೋಹ ಕಾಂತಕ್ಷೇತ್ರವನ್ನು ವೇಗವಾಗಿ ಹಾಯ್ದರೆ ಅದರ ಮೈಯಲ್ಲಿ ಸುಳಿಯಂಥ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ, ಅವು ಕ್ಷೇತ್ರವನ್ನು ಕ್ಷಣಕಾಲ ಕದಡುತ್ತವೆ. ಆ ಕದಡುವಿಕೆಯನ್ನು ಮೊದಲ ಸಂವೇದಕ ಒಮ್ಮೆ, ಎರಡನೆಯದು ಇನ್ನೊಮ್ಮೆ ಗುರುತಿಸುತ್ತದೆ. ಸೆಕೆಂಡಿಗೆ 800 ಮೀಟರ್ ಓಡುವ ಗುಂಡಿಗೆ 10 ಸೆಂಟಿಮೀಟರ್ ದಾಟಲು ಬೇಕಾದ ಸಮಯ 125 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಎಂಟು ಸಾವಿರದಲ್ಲೊಂದು ಭಾಗ. ಇಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯುವುದು ಇಂದಿನ ಎಲೆಕ್ಟ್ರಾನಿಕ್ಸ್‌ಗೆ ಕಷ್ಟವಲ್ಲ. ಬಿಸಿಲು, ನೆರಳು, ಮೋಡ ಯಾವುದರ ಹಂಗೂ ಇಲ್ಲದೆ, ಬೆಂಚಿನಿಂದ ಏಳದೆ, ಪ್ರತಿ ಗುಂಡಿನ ವೇಗವನ್ನೂ ಪುಟ್ಟ ಪರದೆಯ ಮೇಲೆ ಓದಬಹುದಾಯಿತು.

ಈ ವೇಗದ ಅಂಕಿ ಶೂಟರ್‌ಗೆ ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದಲ್ಲಿ ದೂರದ ಗುರಿಗೆ ಹೊಡೆಯುವ ಹವ್ಯಾಸಿಗಳಲ್ಲಿ ಬಹಳ ಮಂದಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೋಶವನ್ನು ಸ್ವಚ್ಛಗೊಳಿಸಿ, ಹೊಸ ಪ್ರೈಮರ್ ಕೂರಿಸಿ, ಮದ್ದನ್ನು ತೂಗಿ ಹಾಕಿ, ಗುಂಡನ್ನು ಬೇಕಾದ ಆಳಕ್ಕೆ ಒತ್ತಿ ತಮ್ಮ ರೈಫಲ್‌ಗೆ ಒಗ್ಗುವ ತೋಟಾವನ್ನು ರೂಪಿಸಿಕೊಳ್ಳುವುದನ್ನು ಅವರು ರೀಲೋಡಿಂಗ್ ಎನ್ನುತ್ತಾರೆ. (ತೋಟಾ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕಾಗುವ ಭಾರತದಲ್ಲಿ ಈ ಹವ್ಯಾಸ ಬೆಳೆಯಲು ಅವಕಾಶ ಕಡಿಮೆ, ಕೈಲ್‌ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಕೋವಿಗಾರನಿಗೆ ಮದ್ದಿನ ತೂಕದ ಈ ಕೂದಲೆಳೆಯ ಲೆಕ್ಕದ ಅಗತ್ಯವೂ ಬೀಳುವುದಿಲ್ಲ.) ಸಾವಿರ ಗಜ ದೂರಕ್ಕೆ ಹೊಡೆಯುವಾಗ ಒಂದು ಗುಂಡಿಗೂ ಇನ್ನೊಂದಕ್ಕೂ ವೇಗದಲ್ಲಿ ತುಸು ವ್ಯತ್ಯಾಸವಿದ್ದರೂ ನಿಧಾನದ ಗುಂಡು ಕೆಳಗೆ ಬೀಳುತ್ತದೆ. ಆದ್ದರಿಂದ ತೋಟಾ ತುಂಬುವವನು ಎರಡು ಸಂಗತಿಗಳನ್ನು ಹುಡುಕುತ್ತಾನೆ: ವೇಗ ಒಂದೇ ಸಮನಾಗಿರಬೇಕು, ಗುರುತುಗಳು ಕಾಗದದ ಮೇಲೆ ಒತ್ತೊತ್ತಾಗಿ ಬೀಳಬೇಕು. ಹೀಗೆ ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುರುತುಗಳನ್ನು ಒಟ್ಟಾಗಿ ಗ್ರೂಪ್ ಎನ್ನುತ್ತಾರೆ. ನಳಿಗೆಗೆ ಕಟ್ಟಿದ ಸಾಧನ ಈ ಎರಡನ್ನೂ ಒಂದೇ ಸಲಕ್ಕೆ, ಅದೇ ತೋಟಾಗಳಲ್ಲಿ, ತೋರಿಸಿಕೊಡುತ್ತದೆಂಬ ಭರವಸೆಯೇ ಮೊದಲ ವರ್ಷಗಳ ಉತ್ಸಾಹಕ್ಕೆ ಕಾರಣವಾಗಿತ್ತು.

ಲೇಖಕನ ನೆನಪಿನಲ್ಲಿ ಸ್ಪಷ್ಟವಾಗಿ ಉಳಿದಿರುವುದು ಆ ಭರವಸೆ ಕುಸಿದ ಬಗೆ. ನೂರು ಗಜದ ಬೆಂಚಿನ ಮೇಲೆ ಮರಳಿನ ಚೀಲಗಳಿಗೆ ಒರಗಿಸಿದ, ತೆಳ್ಳನೆಯ ನಳಿಗೆಯ ಬೇಟೆ ರೈಫಲ್. ಸ್ಕೋಪನ್ನು ಹಿಂದಿನ ವಾರವೇ ಸರಿಹೊಂದಿಸಿ ಗುರಿಯ ಮಧ್ಯಕ್ಕೆ ತಂದಾಗಿದೆ. ಸಾಧನವನ್ನು ಹಿಡಿದಿಡುವ ಕಟ್ಟುಪಟ್ಟಿಯನ್ನು ನಳಿಗೆಗೆ ಸುತ್ತಿ, ತಿರುಪನ್ನು ಬೆರಳಿನಿಂದ ಬಿಗಿದು, ಬಯೊನೆಟ್ಟಿಗೂ ಗುಂಡಿನ ದಾರಿಗೂ ನಡುವೆ ತಕ್ಕ ಅಂತರವಿದೆಯೇ ಎಂದು ನಳಿಗೆಯ ಬಾಯಿಗೆ ಕಡ್ಡಿಯಿಟ್ಟು ನೋಡಿ, ಕಡ್ಡಿಯನ್ನು ತೆಗೆದಿಟ್ಟ ಮೇಲೆ ಗುಂಡು ಹಾರಿಸುವುದು ಕ್ರಮ. ಅಂದು ವೇಗಗಳು ಮನಸ್ಸಿಗೆ ಹಿಡಿಸುವಷ್ಟು ಸಮನಾಗಿ ಬಂದವು. ಕಾಗದದ ಮೇಲೆ ಮಾತ್ರ ಗುರುತುಗಳು ಮಧ್ಯದಿಂದ ಬಹಳ ಕೆಳಗೆ, ತುಸು ಬಲಕ್ಕೆ, ಎಂದಿಗಿಂತ ಚದುರಿ ಬಿದ್ದಿದ್ದವು. ಪಟ್ಟಿಯನ್ನು ಬಿಚ್ಚಿ ಅದೇ ಡಬ್ಬಿಯ ಉಳಿದ ತೋಟಾಗಳನ್ನು ಹಾರಿಸಿದಾಗ ಗುರುತುಗಳು ಮತ್ತೆ ಮೇಲಕ್ಕೆ, ಮಧ್ಯಕ್ಕೆ, ಒಂದರ ಅಂಚಿಗೆ ಒಂದು ತಾಗುವಂತೆ ಬಂದವು. ಜೊತೆಯಲ್ಲಿದ್ದ ಹಾಸನದ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್ ಗೆಳೆಯರು ಕಾಗದವನ್ನು ಕೆಳಗಿಳಿಸಿ ತಂದು ಬೆಂಚಿನ ಮೇಲೆ ಹರಡಿ, ಎರಡು ಗುಂಪುಗಳ ನಡುವಿನ ದೂರವನ್ನು ಸ್ಕೇಲಿನಿಂದ ಅಳೆದು, “ಇದು ನಾವು ಎರಡನೇ ವರ್ಷದಲ್ಲಿ ಓದಿದ ಕ್ಯಾಂಟಿಲಿವರ್ ಲೆಕ್ಕವೇ ಅಲ್ವಾ ಸಾರ್” ಎಂದರು. ಗುರಿಕಾಗದದ ಹಿಂಬದಿಯಲ್ಲೇ ಲೆಕ್ಕವನ್ನೂ ಮಾಡಿ ತೋರಿಸಿದರು.

ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟ ತೊಲೆಯೇ ಕ್ಯಾಂಟಿಲಿವರ್. ಆಧುನಿಕ ರೈಫಲ್‌ಗಳಲ್ಲಿ ನಳಿಗೆಯು ಹಿಂದೆ ರಿಸೀವರ್ ಎಂಬ ಉಕ್ಕಿನ ಗೂಡಿಗೆ ತಿರುಪಿನಿಂದ ಬಿಗಿದಿರುತ್ತದೆ, ಅಲ್ಲಿಂದ ಮುಂದೆ ಸ್ಟಾಕ್ ಎಂಬ ಮರದ ಕಟ್ಟನ್ನು ಎಲ್ಲೂ ಸೋಕದಂತೆ ಬಿಡಲಾಗಿರುತ್ತದೆ. ಉದ್ದನೆಯ ಬಿದಿರು ಗಳದ ತುದಿಗೆ ಕೊಡವನ್ನು ತೂಗುಹಾಕಿದರೆ ಗಳ ಬಾಗುವಂತೆ ಈ ನಳಿಗೆಯೂ ತುದಿಯ ಭಾರಕ್ಕೆ ಬಾಗುತ್ತದೆ, ಉಕ್ಕಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನಳಿಗೆ 60 ಸೆಂಟಿಮೀಟರ್ ಉದ್ದ, 18 ಮಿಲಿಮೀಟರ್ ದಪ್ಪ ಎಂದುಕೊಂಡು ತುದಿಗೆ 300 ಗ್ರಾಂ ಭಾರ ಕಟ್ಟಿದರೆ, ತುದಿಯು ಸುಮಾರು 0.00054 ರೇಡಿಯನ್‌ನಷ್ಟು ಕೆಳಮುಖವಾಗುತ್ತದೆ. ಲೆಕ್ಕಕ್ಕೆ ಕ್ಷುಲ್ಲಕವೆಂದು ತೋರುವ ಈ ಕೋನ 100 ಮೀಟರ್ ದೂರದಲ್ಲಿ ಐದು ಸೆಂಟಿಮೀಟರಿಗಿಂತ ಹೆಚ್ಚಾಗುತ್ತದೆ. ಅದೇ ಉದ್ದದ ನಳಿಗೆ 24 ಮಿಲಿಮೀಟರ್ ದಪ್ಪವಿದ್ದರೆ ಅಷ್ಟೇ ಭಾರಕ್ಕೆ ಎರಡು ಸೆಂಟಿಮೀಟರಿಗಿಂತ ಕಡಿಮೆ, ಏಕೆಂದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯು ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಸ್ಪರ್ಧೆಯ ಭಾರಿ ನಳಿಗೆಗಳ ಒಡೆಯರು “ನಮ್ಮಲ್ಲಿ ಗುರಿ ಅಷ್ಟೇನೂ ಸರಿಯಲಿಲ್ಲ” ಎಂದೂ, ಬೇಟೆ ರೈಫಲ್‌ಗಳವರು “ಇದು ಗುರಿಯನ್ನೇ ಕೆಡಿಸುತ್ತದೆ” ಎಂದೂ ರೇಂಜಿನ ಕಟ್ಟೆಯ ಮೇಲೆ ವಾದಿಸುತ್ತಿದ್ದಾಗ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಆದರೆ ನಿಂತ ಭಾರದಿಂದ ಬರುವ ಈ ಬಾಗು ಕಥೆಯ ಅರ್ಧ ಮಾತ್ರ. ಬರಿಯ ಬಾಗಾಗಿದ್ದರೆ ಎಲ್ಲ ಗುಂಡುಗಳೂ ಒಟ್ಟಾಗಿ ಕೆಳಗೆ ಸರಿಯಬೇಕಿತ್ತು, ಚದುರಬೇಕಾಗಿರಲಿಲ್ಲ, ಬಲಕ್ಕೆ ವಾಲಬೇಕಾಗಿರಲಿಲ್ಲ. ಗುಂಡು ನಳಿಗೆಯೊಳಗೆ ಇರುವುದು ಹೆಚ್ಚೆಂದರೆ ಒಂದು, ಒಂದೂವರೆ ಮಿಲಿಸೆಕೆಂಡ್. ಆ ಅವಧಿಯಲ್ಲಿ ಅನಿಲದ ಒತ್ತಡ, ಹಿಮ್ಮೆಟ್ಟುವ ಒದೆ, ಒದೆಯ ರೇಖೆಗಿಂತ ಕೆಳಗಿರುವ ರೈಫಲ್‌ನ ತೂಕದ ಕೇಂದ್ರ, ಇವೆಲ್ಲ ಸೇರಿ ನಳಿಗೆಯನ್ನು ಚಾಟಿಯಂತೆ ಬಳುಕಿಸಿಬಿಡುತ್ತವೆ. ಗುಂಡು ಬಾಯಿಯನ್ನು ಬಿಡುವ ಕ್ಷಣದಲ್ಲಿ ತುದಿಯು ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾವ ವೇಗದಲ್ಲಿ ಅಲುಗುತ್ತಿತ್ತು ಎಂಬುದರ ಮೇಲೆ ಗುರುತು ಎಲ್ಲಿ ಬೀಳುತ್ತದೆಂಬುದು ನಿಂತಿದೆ. ಇಂಗ್ಲೆಂಡಿನ ಆರ್ನುಲ್ಫ್ ಮ್ಯಾಲಕ್ 1901ರಲ್ಲಿಯೇ ರೈಫಲ್ ನಳಿಗೆಗಳ ಕಂಪನವನ್ನು ಕುರಿತು ರಾಯಲ್ ಸೊಸೈಟಿಗೆ ಪ್ರಬಂಧ ಬರೆದಿದ್ದರು. ಅಮೆರಿಕದ ಫ್ರಾಂಕ್ಲಿನ್ ಮ್ಯಾನ್ 1909ರ ತಮ್ಮ ಗ್ರಂಥದಲ್ಲಿ ಗುಂಡಿನ ಹಾದಿಯನ್ನು ಕೆಡಿಸುವ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆದಿದ್ದರು. ಕಂಪಿಸುವ ತೊಲೆಯ ತುದಿಗೆ ಭಾರ ಸೇರಿಸಿದರೆ ಅದರ ಸಹಜ ಕಂಪನದ ಗತಿ ನಿಧಾನವಾಗುತ್ತದೆ, ಆ ಭಾರವು ನಳಿಗೆಯ ನಡುರೇಖೆಯಲ್ಲಿರದೆ ಕೆಳಗೆ ತೂಗುತ್ತಿದ್ದರೆ ಕಂಪನಕ್ಕೆ ಒಂದು ತಿರುಚೂ ಸೇರುತ್ತದೆ. ಪಟ್ಟಿಯನ್ನು ತುಸು ಬಿಗಿಯಾಗಿಯೋ ಸಡಿಲವಾಗಿಯೋ ಕಟ್ಟಿದ್ದು, ಒಂದೊಂದು ಒದೆಗೂ ಅದು ಕೂದಲಿನಷ್ಟು ಜಾರಿದ್ದು, ಬಾಯಿಯಿಂದ ಗುಂಡಿನ ಹಿಂದೆಯೇ ನುಗ್ಗುವ ಅನಿಲ ಕೆಳಗಿನ ಬಯೊನೆಟ್ಟಿಗೆ ಬಡಿದದ್ದು, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೆಂಚಿನ ಮೇಲೆ ಬಿಡಿಸಿ ನೋಡುವುದು ಕಷ್ಟ. ರೈಫಲ್ ಒಂದೇ ಆಗಿ ಕಂಡರೂ, ಕಟ್ಟಿದ ರೈಫಲ್ ಬೇರೆ, ಬಿಚ್ಚಿದ ರೈಫಲ್ ಬೇರೆ ಎಂದಷ್ಟೇ ಖಚಿತವಾಗಿ ಹೇಳಬಹುದು.

ಹಳೆಯ ಸೈನಿಕರಿಗೆ ಇದು ಹೊಸ ವಿಷಯವಾಗಿರಲಿಲ್ಲ. ರಷ್ಯದ ಮೊಸಿನ್ ರೈಫಲ್‌ಗಳನ್ನು ನಿಜವಾದ ಬಯೊನೆಟ್ ಸಿಕ್ಕಿಸಿಟ್ಟೇ ಗುರಿಗೆ ಹೊಂದಿಸುತ್ತಿದ್ದರು, ಏಕೆಂದರೆ ಅಲ್ಲಿನ ಸೈನಿಕ ಅದನ್ನು ಸಿಕ್ಕಿಸಿಕೊಂಡೇ ಹೋರಾಡಬೇಕೆಂದು ಅವರ ನಿಯಮ. ಅದನ್ನು ತೆಗೆದರೆ ಗುಂಡು ಬೀಳುವ ಜಾಗ ಸರಿಯುತ್ತಿತ್ತು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೇನೆ ಮತ್ತು ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ಲೀ ಎನ್‌ಫೀಲ್ಡ್ ಮಾದರಿಯ ರೈಫಲ್‌ನಲ್ಲಿ ಇನ್ನೊಂದು ಕುತೂಹಲದ ಗುಣವಿತ್ತು: ಅದರ ನಳಿಗೆ ಬಳುಕುವ ರೀತಿಯಿಂದ ನಿಧಾನದ ಗುಂಡುಗಳು ತುದಿ ತುಸು ಹೆಚ್ಚು ಮೇಲ್ಮುಖವಾಗಿದ್ದಾಗ ಹೊರಬೀಳುತ್ತಿದ್ದವು, ಹೀಗಾಗಿ ದೂರದ ಗುರಿಯಲ್ಲಿ ವೇಗದ ವ್ಯತ್ಯಾಸ ತಾನಾಗಿ ಸರಿತೂಗುತ್ತಿತ್ತು. ಕಂಪನವನ್ನು ಹೀಗೆ ದುಡಿಸಿಕೊಳ್ಳುವ ಆಸೆಯಿಂದಲೇ ಇಂದಿನ ಸ್ಪರ್ಧಾಳುಗಳು ನಳಿಗೆಯ ತುದಿಗೆ ಟ್ಯೂನರ್ ಎಂಬ ಹೊಂದಿಸಬಲ್ಲ ತೂಕಗಳನ್ನು ತಿರುಪಿ ಕೂರಿಸುತ್ತಾರೆ. ನಳಿಗೆಗೆ ಕಟ್ಟಿದ ವೇಗಮಾಪಕವೂ ಒಂದು ಬಗೆಯ ಟ್ಯೂನರೇ. ಕೆಲವು ರೈಫಲ್‌ಗಳಲ್ಲಿ ಅದನ್ನು ಕಟ್ಟಿದಾಗ ಗ್ರೂಪ್ ಚಿಕ್ಕದಾದದ್ದೂ ಉಂಟು. ಅದನ್ನು ಕಂಡು ಹಿಗ್ಗಿದವರು ಸ್ಪರ್ಧೆಯ ದಿನ ಸಾಧನವನ್ನು ಬಿಚ್ಚಿಟ್ಟು ಗೆರೆಗೆ ಹೋದಾಗ ಆ ಚಿಕ್ಕ ಗ್ರೂಪ್ ಡಬ್ಬಿಯೊಳಗೇ ಉಳಿದುಬಿಡುತ್ತಿತ್ತು.

ಹೆಚ್ಚಿನ ಹಾನಿಯಾದದ್ದು ತೋಟಾದ ಹದವನ್ನು ಹುಡುಕುವ ಕೆಲಸದಲ್ಲಿ. ಮದ್ದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಪ್ರತಿ ಹಂತದಲ್ಲಿ ಕೆಲವು ಗುಂಡುಗಳನ್ನು ಹಾರಿಸಿ, ಯಾವ ತೂಕದಲ್ಲಿ ಗುರುತುಗಳು ಒಂದೇ ಎತ್ತರದಲ್ಲಿ ನಿಲ್ಲುತ್ತವೆಂದು ನೋಡುವ ಏಣಿ ಪರೀಕ್ಷೆ ಅಮೆರಿಕದ ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿದೆ. ಈ ಪರೀಕ್ಷೆ ನಡೆಯುವುದೇ ನಳಿಗೆಯ ಕಂಪನಕ್ಕೂ ಗುಂಡು ಹೊರಬೀಳುವ ಕ್ಷಣಕ್ಕೂ ಇರುವ ಹೊಂದಿಕೆಯನ್ನು ನಂಬಿ. ಅಂಥ ಪರೀಕ್ಷೆಯಲ್ಲಿ ಕಂಪನವನ್ನೇ ಬದಲಿಸುವ ಭಾರವನ್ನು ತುದಿಗೆ ಕಟ್ಟಿಟ್ಟು ಉತ್ತರ ಕೇಳಿದರೆ, ಬರುವ ಉತ್ತರ ಬೇರೊಂದು ರೈಫಲ್‌ನದು. ಇದರ ಜೊತೆಗೆ ಅಂಕಿಗಳ ಮೇಲಿನ ವ್ಯಾಮೋಹವೂ ಸೇರಿತು. ಪರದೆಯ ಮೇಲೆ ಸುಲಭವಾಗಿ ಅಂಕಿ ಮೂಡುವುದರಿಂದ ಐದೇ ಗುಂಡುಗಳ ವೇಗವನ್ನು ನೋಡಿ ತೋಟಾದ ಗುಣವನ್ನು ತೀರ್ಮಾನಿಸುವ ರೂಢಿ ಬೆಳೆಯಿತು. ವೇಗಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದನ್ನು ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆ ಎನ್ನುತ್ತಾರೆ. ಐದು ಗುಂಡುಗಳಿಂದ ಅದು ಸೆಕೆಂಡಿಗೆ 10 ಅಡಿ ಎಂದು ಬಂದರೆ, ತೋಟಾದ ನಿಜವಾದ ವಿಚಲನೆಯ ಬಗ್ಗೆ ಶೇಕಡ 95ರ ಭರವಸೆಯಿಂದ ಹೇಳಬಹುದಾದದ್ದು ಆರರಿಂದ ಇಪ್ಪತ್ತೊಂಬತ್ತರ ನಡುವೆ ಎಲ್ಲಿಯಾದರೂ ಇರಬಹುದು ಎಂದಷ್ಟೇ. ಇಪ್ಪತ್ತು ಗುಂಡುಗಳಾದರೆ ಆ ವ್ಯಾಪ್ತಿ ಸುಮಾರು ಏಳೂವರೆಯಿಂದ ಹದಿನಾಲ್ಕೂವರೆಗೆ ಇಳಿಯುತ್ತದೆ. ಸರಿದ ಗುರಿಯನ್ನಾದರೂ ಕಣ್ಣು ಕಂಡುಹಿಡಿಯುತ್ತದೆ, ಐದು ಗುಂಡಿನ ವಿಚಲನೆಯ ಮೋಸ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ಲೇಖಕನ ಅಭಿಪ್ರಾಯ.

ಅನುಭವಿಗಳು ಬೇಗನೆ ದಾರಿ ಕಂಡುಕೊಂಡರು. ಕೆಲವರು ಕೆಲಸವನ್ನೇ ಎರಡಾಗಿ ಒಡೆದರು: ಸಾಧನವನ್ನು ಕಟ್ಟಿ ಮಣ್ಣಿನ ದಿಬ್ಬಕ್ಕೆ ಗುಂಡು ಹಾರಿಸಿ ವೇಗವನ್ನಷ್ಟೇ ಬರೆದುಕೊಳ್ಳುವುದು, ಬಿಚ್ಚಿಟ್ಟು ಕಾಗದಕ್ಕೆ ಹಾರಿಸಿ ಗ್ರೂಪನ್ನಷ್ಟೇ ನೋಡುವುದು. ತೋಟಾ ಹೆಚ್ಚು ಖರ್ಚಾದರೂ ಇದು ಪ್ರಾಮಾಣಿಕವಾದ ದಾರಿ. ಇದು ಸಾಧ್ಯವಾಗುವುದಕ್ಕೆ ಕಾರಣ, ಗುಂಡಿನ ವೇಗ ನಿರ್ಧಾರವಾಗುವುದು ಮದ್ದು ಉರಿಯುವ ರೀತಿ, ಗುಂಡಿನ ತೂಕ, ನಳಿಗೆಯ ಉದ್ದ ಇವುಗಳಿಂದ. ತುದಿಗೆ ಏನು ತೂಗಿಹಾಕಿದೆ ಎಂಬುದು ಅದನ್ನು ಗಮನಕ್ಕೆ ಬರುವಷ್ಟು ಬದಲಿಸುವುದಿಲ್ಲ. ಇನ್ನು ಕೆಲವರು ಬಯೊನೆಟ್ಟನ್ನು ನಳಿಗೆಯಿಂದ ಬಿಡಿಸಿ, ಸ್ಟಾಕಿನ ಮುಂಭಾಗದಲ್ಲಿರುವ ರೈಲ್ ಎಂಬ ಹಳಿಗೆ ಲೋಹದ ತೋಳೊಂದನ್ನು ಜೋಡಿಸಿ ಅದರ ಮೇಲೆ ಕೂರಿಸಿದರು. ಆಗ ಬಯೊನೆಟ್ ಬಾಯಿಯ ಕೆಳಗೆ ಇದ್ದೂ ನಳಿಗೆಯನ್ನು ಸೋಕುತ್ತಿರಲಿಲ್ಲ. ಗುರಿ ಸರಿಯುವುದು ಬಹುಮಟ್ಟಿಗೆ ನಿಂತಿತು. ಸಣ್ಣ ವರ್ಕ್‌ಶಾಪುಗಳು ಇಂಥ ತೋಳುಗಳನ್ನು ಮಾಡಿ ಮಾರತೊಡಗಿದವು. ಆದರೆ ಇದು ಉದ್ದನೆಯ ರೈಲಿರುವ ಸ್ಪರ್ಧೆಯ ರೈಫಲ್‌ಗಳಿಗೆ ಒದಗುವ ಉಪಾಯ. ತೆಳ್ಳನೆಯ ನಳಿಗೆಯ ಬೇಟೆ ರೈಫಲ್‌ಗೆ, ಅಂದರೆ ತೊಂದರೆ ಎಲ್ಲಿ ಹೆಚ್ಚೋ ಅಲ್ಲಿಗೇ, ಅದು ಹೊಂದುತ್ತಿರಲಿಲ್ಲ.

ಕೊನೆಗೆ ಪ್ರಶ್ನೆಯನ್ನು ಹಿನ್ನೆಲೆಗೆ ಸರಿಸಿದ್ದು ರೇಡಾರ್. ಚಲಿಸುವ ವಸ್ತುವಿಗೆ ಬಡಿದು ಮರಳುವ ಅಲೆಯ ಆವರ್ತನ ಆ ವಸ್ತುವಿನ ವೇಗಕ್ಕೆ ತಕ್ಕಂತೆ ಬದಲಾಗುತ್ತದೆಂಬ ಡಾಪ್ಲರ್ ತತ್ವವನ್ನು ಬಳಸುವ ಲ್ಯಾಬ್‌ರೇಡಾರ್ ಆ ದಶಕದ ನಡುವಿನಲ್ಲಿ ಬಂದಿತು. ಅದು ರೈಫಲ್‌ನ ಪಕ್ಕದಲ್ಲಿ ನಿಂತು, ಸದ್ದಿನಿಂದ ಎಚ್ಚೆತ್ತು, ಹಾರುತ್ತಿರುವ ಗುಂಡನ್ನು ಹಿಂಬದಿಯಿಂದ ಹಿಂಬಾಲಿಸುತ್ತಿತ್ತು. ಗುರಿಯತ್ತ ಸರಿಯಾಗಿ ತಿರುಗಿಸಿ ಇಡದಿದ್ದರೆ ಗುಂಡು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ, ಪಕ್ಕದ ಬೆಂಚಿನ ಸದ್ದಿಗೂ ಅದು ಎಚ್ಚರಗೊಳ್ಳುತ್ತಿತ್ತು. 2023ರಲ್ಲಿ ಗಾರ್ಮಿನ್ ಕಂಪನಿಯ ಅಂಗೈಯಗಲದ ಕ್ಸೀರೋ ರೇಡಾರ್ ಬಂದ ಮೇಲೆ ಆ ಕಿರಿಕಿರಿಗಳೂ ಬಹಳ ಕಡಿಮೆಯಾದವು. ರಾಬಿನ್ಸ್‌ನ ಲೋಲಕದ ಕಾಲದಲ್ಲಿದ್ದ ಅಂತರ, ಅಳೆಯುವ ಸಾಧನ ಕೋವಿಯನ್ನು ಮುಟ್ಟದೆ ದೂರ ನಿಲ್ಲುವ ಅಂತರ, ಮರಳಿ ಬಂದಿತು. ಈ ಬಾರಿ ಗುಂಡನ್ನೂ ಮುಟ್ಟದೆ.

ಬಯೊನೆಟ್ಟುಗಳು ಈಗ ಕಡಿಮೆ ಬೆಲೆಗೆ ಕೈ ಬದಲಾಯಿಸುತ್ತಿವೆ. ಅವನ್ನು ಇಂದಿಗೂ ಬಿಡದವರಿದ್ದಾರೆ, ಗುಂಡು ಬಾಯಿಯನ್ನು ದಾಟಿದ ಕೂಡಲೇ ಅಳೆಯುವ ಅದರ ನೇರವಾದ ಕ್ರಮ ಅವರಿಗೆ ಮೆಚ್ಚುಗೆ. ಆ ವರ್ಷಗಳಲ್ಲಿ ತೋಟಾದ ವಿವರಗಳನ್ನು ಬರೆದಿಟ್ಟ ನೋಟ್‌ಪುಸ್ತಕಗಳನ್ನು ಇಂದು ತೆರೆದು ಕೂರುವವರು ಪ್ರತಿ ಪುಟದಲ್ಲೂ ಎರಡು ಕಾಲಮುಗಳನ್ನು ಬೇರೆ ಬೇರೆಯಾಗಿ ಓದಬೇಕು: ವೇಗದ ಅಂಕಿಗಳನ್ನು ಹಾಗೆಯೇ ಬಳಸಬಹುದು, ಪಕ್ಕದ ಗ್ರೂಪಿನ ಅಳತೆಯನ್ನು, ಅಂದು ಸಾಧನ ನಳಿಗೆಗೆ ಕಟ್ಟಿತ್ತೋ ಇಲ್ಲವೋ ಎಂಬ ಗುರುತು ಅಂಚಿನಲ್ಲಿ ಇಲ್ಲದಿದ್ದರೆ, ಮತ್ತೆ ರೇಂಜಿಗೆ ಹೋಗಿ ಹಾರಿಸಿ ನೋಡಬೇಕು.